ಮೊದಲ ನೀರು

ನಮ್ಮೂರಿನ ಬಟ್ಟೆ ಮೊದಲ ನೀರಿಗೆ ಬಿದ್ದಾಗ ಮಾತಾಡುತ್ತದೆ. ಎರಡನೆಯ ನೀರಿಗೆ ಹೋಗುವಷ್ಟರಲ್ಲಿ ಮೂಕವಾಗಿರುತ್ತದೆ. ಆಮೇಲೆ ಅದಕ್ಕೆ ಬಣ್ಣ ಹತ್ತುತ್ತದೆ, ಗಂಜಿ ಹತ್ತುತ್ತದೆ, ಅಂಚಿಗೆ ಸಾಹುಕಾರರ ಹೆಸರು ಹತ್ತುತ್ತದೆ, ಕೊನೆಗೆ ಅದೇ ಲಾರಿ ಹತ್ತಿ ಹೊರಟುಹೋಗುತ್ತದೆ. ಊರಿಗೂ ಒಂದು ಹೆಸರೇನೋ ಇತ್ತು. ಬಟ್ಟೆಯ ಯಾವ ಥಾನಿನ ಮೇಲೂ ಅದನ್ನು ಅಚ್ಚೊತ್ತದ ಕಾರಣ ಹೊರಗಿನವರಿಗೆ ಬೇಕಾಗಲಿಲ್ಲ. ಬರಬರುತ್ತ ನಮಗೂ ಬೇಕಾಗದೆ ಹೋಯಿತು. ಪರಸ್ಥಳದಲ್ಲಿ ಯಾರಾದರೂ ಯಾವೂರು ಎಂದು ಕೇಳಿದರೆ "ಬಟ್ಟಿ ಊರು" ಅಂದು ಮುಂದೆ ನಡೆಯುತ್ತೇವೆ.

ಹಳ್ಳದ ಆ ದಂಡೆಗೆ ಮಗ್ಗದ ಶೆಡ್ಡುಗಳು, ಈ ದಂಡೆಗೆ ನಾನು ದುಡಿಯುವ ತೊಳೆಮನೆ. ಮಗ್ಗದಿಂದ ಇಳಿದ ಕೋರಾ ಬಟ್ಟೆಯನ್ನು ಕುದಿಸಿ, ತೊಳೆದು, ಬಣ್ಣ ಹಾಕುವ ಕಾರ್ಖಾನೆಗೆ ನಾವು ಇಟ್ಟುಕೊಂಡ ಹೆಸರು ಅದು. ಎರಡೂ ಸಾಹುಕಾರ ಗುರುಪಾದಪ್ಪನವರವೇ. ನಡುವೆ ಹರಿಯುವ ಹಳ್ಳ ಸೋಮವಾರ ನೀಲಿಯಾದರೆ ಬುಧವಾರ ಕುಂಕುಮ. ಅದಕ್ಕೆ ಬಾಯಿ ಹಾಕಿದ ನಾಯಿಗಳ ಮೂತಿ ನೋಡಿಯೇ ಈ ವಾರ ಪೇಟೆಯಲ್ಲಿ ಯಾವ ಬಣ್ಣ ಓಡುತ್ತಿದೆ ಎಂದು ಹೇಳಬಹುದು. ಹಸಿರು ಮೂತಿಯ ನಾಯಿಯೊಂದು ಹಳದಿ ಮೂತಿಯ ನಾಯಿಯನ್ನು ಕಂಡು ಬೊಗಳಿದರೆ ನಮಗೆ ನಗುವೂ ಬರುವುದಿಲ್ಲ, ಅಷ್ಟು ರೂಢಿಯಾಗಿದೆ.

ಶೆಡ್ಡಿನಲ್ಲಿ ಮಗ್ಗಗಳು ಓಡುವಾಗ ಬಾಯಿಂದ ಹೊರಟ ಮಾತು ಎದುರಿಗಿದ್ದವರ ಕಿವಿ ಮುಟ್ಟುವುದಿಲ್ಲ. ಖಟ್ ಖಟ್ ಎಂಬ ಆ ಸಪ್ಪಳ ಎಲ್ಲವನ್ನೂ ನುಂಗುತ್ತದೆ. ಹಾಗಾಗಿ ಅಲ್ಲಿಯವರು ಕೈಸನ್ನೆ ಮಾಡುತ್ತಾರೆ, ಒಬ್ಬರ ತುಟಿ ಇನ್ನೊಬ್ಬರು ಓದುತ್ತಾರೆ. ಆದರೆ ಆಡಿದ ಮಾತು ಕಳೆದುಹೋಗುವುದಿಲ್ಲ. ಲಾಳಿ ಅತ್ತಿತ್ತ ಹಾರುವಾಗ ಹೊಕ್ಕಿನ ನೂಲಿನ ಜೊತೆ ಅದೂ ಹಾಸಿನೊಳಗೆ ಹೋಗಿ ಕೂತುಬಿಡುತ್ತದೆ. ಇದು ಗೊತ್ತಿದ್ದ ಜನ ಮಗ್ಗದ ಮುಂದೆ ನಿಂತು ಏನು ಬೇಕಾದರೂ ಆಡುತ್ತಾರೆ. ಮನೆಯಲ್ಲಿ ಬಾಯಿ ಬಿಡದ ಸೊಸೆಯರು ಅಲ್ಲಿ ಅತ್ತೆಯರಿಗೆ ಸರಿಯಾಗಿ ಉತ್ತರ ಕೊಡುತ್ತಾರೆ. ಗಟ್ಟಿಮುಟ್ಟಾದ ಗಂಡಸರು ಗೊಳೋ ಎಂದು ಅಳುತ್ತಾರೆ. ಕೂಸು ಕಳೆದುಕೊಂಡ ಒಬ್ಬಾಕೆ ವರ್ಷಗಟ್ಟಲೆ ಜೋಗುಳ ನೇಯ್ದಳು. ಅವಳ ಹೆಸರು ನಾನು ಹೇಳುವುದಿಲ್ಲ.

ಇವೆಲ್ಲ ನಮ್ಮ ತೊಟ್ಟಿಗೆ ಬರುತ್ತವೆ. ಸೋಡಾ ಹಾಕಿದ ಬಿಸಿನೀರಿಗೆ ಥಾನು ಬಿಚ್ಚಿ ಬಿಟ್ಟು, ಬಡಿಗೆಯಿಂದ ಅದ್ದುತ್ತಾ ಹೋದಂತೆ ನೊರೆ ಏಳುತ್ತದೆ. ನೊರೆ ಒಡೆದಾಗ ಮಾತು ಹೊರಗೆ ಬರುತ್ತದೆ, ಆಡಿದವರ ಧ್ವನಿಯಲ್ಲೇ, ಗಡಿಗೆಯೊಳಗಿಂದ ಮಾತಾಡಿದ ಹಾಗೆ. ಒಂದು ಸಲ ಮಾತ್ರ. ಆಮೇಲೆ ಗಟಾರದ ಪಾಲು. ಪೇಟೆಗೆ ಹೋಗುವ ಬಟ್ಟೆ ಮೂಕ ಇರಬೇಕು, ಅದೇ ನಮ್ಮ ತೊಳೆಮನೆಯ ಕಸುಬು. "ಗಿರಾಕಿಗೆ ಬಟ್ಟಿ ಬೇಕು, ನಿಮ್ಮ ಮನಿ ಸುದ್ದಿ ಬ್ಯಾಡ," ಎಂದು ಸಾಹುಕಾರರು ಆಗಾಗ ಹೇಳುತ್ತಿದ್ದರು. ನಾವು ತಲೆ ಆಡಿಸುತ್ತಿದ್ದೆವು. ಹತ್ತಿ ಬೆಳೆದವನ ಬೆವರು ಹತ್ತಿ ಬಿಡಿಸುವ ಜಿನ್ನಿನಲ್ಲಿ ಹೋಯಿತು, ನೂತವನ ಉಸಿರು ಗಿರಣಿಯಲ್ಲಿ ಹೋಯಿತು, ನೇಯ್ದವಳ ಮಾತು ನಮ್ಮ ತೊಟ್ಟಿಯಲ್ಲಿ ಹೋಯಿತು. ಉಳಿದದ್ದಕ್ಕೆ ಇಸ್ತ್ರಿ ಮಾಡಿ "ಶುದ್ಧ ಬಟ್ಟೆ" ಎಂದು ಚೀಟಿ ಹಚ್ಚಿದರು. ಆಗ ನನಗೆ ಹಾಗೆಲ್ಲ ಅನಿಸುತ್ತಿರಲಿಲ್ಲ. ಬಡಿಗೆ ಆಡಿಸುವುದರಲ್ಲೇ ಕೈ ಸೋಲುತ್ತಿತ್ತು.

ನನ್ನ ಹೆಸರು ದುಂಡವ್ವ. ತೊಟ್ಟಿಯ ಆ ಬದಿಗೆ ನಿಲ್ಲುವವನು ಮೈಬೂಬಣ್ಣ; ಗಡ್ಡವೆಲ್ಲ ಬೆಳ್ಳಗಾಗಿದ್ದರೂ ಬಣ್ಣದ ಆವಿಗೆ ಅದು ಯಾವತ್ತೂ ಬೆಳ್ಳಗೆ ಕಾಣುವುದಿಲ್ಲ. ನನಗೆ ಕೆಲಸ ಕಲಿಸಿದವನು ಅವನೇ. ಕೆಲಸಕ್ಕಿಂತ ಮೊದಲು ನೇಮ ಕಲಿಸಿದ. ತೊಟ್ಟಿಯಲ್ಲಿ ಕೇಳಿದ್ದನ್ನು ಯಾರಿಗೂ ಹೇಳಬಾರದು. ಸಂಜೆ ಹೊರಡುವಾಗ ಗೇಟಿನ ನಳಕ್ಕೆ ಬಾಯಿ ಹಿಡಿದು, ಮುಕ್ಕಳಿಸಿ, ಕಾವಲುಗಾರ ಚನ್ನಮಲ್ಲನ ಎದುರಿಗೆ ಉಗುಳಿ ಹೋಗಬೇಕು. ಹಾಗೆ ಮಾಡಿದರೆ ಕೇಳಿದ್ದೆಲ್ಲ ಮರೆತುಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಮುಕ್ಕಳಿಸಿದೆ, ಉಗುಳಿದೆ. ನನಗೆ ಒಂದೂ ಮರೆಯಲಿಲ್ಲ. ನನ್ನ ನಾಲಿಗೆಯಲ್ಲೇ ಏನೋ ಐಬಿದೆ ಅಂದುಕೊಂಡು ಸುಮ್ಮನಾದೆ. ಉಳಿದವರೆಲ್ಲ ಹಗುರಾಗಿ ಮನೆಗೆ ಹೋಗುವುದನ್ನು ಕಂಡು ಹೊಟ್ಟೆಕಿಚ್ಚೂ ಆಗುತ್ತಿತ್ತು.

ನನ್ನ ಗಂಡ ಸಂಗಪ್ಪನೂ ಮಗ್ಗದವನೇ. ಅವನು ನೇಯುತ್ತಿದ್ದ ಕಾಲಕ್ಕೆ ನಾನು ತೊಟ್ಟಿಗೆ ಬಂದಿರಲಿಲ್ಲ, ಒಣಹಾಕುವ ಬಯಲಿನಲ್ಲಿದ್ದೆ. ಅವನ ಬಟ್ಟೆ ನನ್ನ ಕೈಗೆ ಬರುತ್ತಿದ್ದಾಗ ಮೂಕವಾಗಿರುತ್ತಿತ್ತು. ಕೆಮ್ಮಿ ಕೆಮ್ಮಿ ಹೋದ. ಬೀಡಿಯಿಂದ ಆಯಿತು ಎಂದು ತಾನೇ ಹೇಳಿಕೊಂಡಿದ್ದ. ಅವನು ಮಗ್ಗದ ಮುಂದೆ ಏನು ಆಡುತ್ತಿದ್ದನೋ ಅದೆಲ್ಲ ಮೈಬೂಬಣ್ಣನ ಕಿವಿಗೆ ಬಿದ್ದಿತ್ತು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ನೇಮ.

ಆ ವರ್ಷ ಮಳೆಗಾಲದ ಮುಂಚೆ ಕಸ್ತೂರಿಯ ಕೈ ಹೋಯಿತು. ಕಸ್ತೂರಿ ಎಂದರೆ ನಮ್ಮ ಓಣಿಯ ಬಾಳವ್ವನ ಸೊಸೆ, ತೆಳ್ಳಗೆ, ಮಾತಿಗೊಮ್ಮೆ ಹುಬ್ಬು ಏರಿಸುವ ಹುಡುಗಿ. ಮಗ್ಗದ ಪಕ್ಕಕ್ಕೆ ಹಲ್ಲಿನ ಗಾಲಿಗಳಿರುತ್ತವೆ, ಅವಕ್ಕೆ ತಗಡಿನ ಮುಚ್ಚಳ ಇರಬೇಕು. ನೂಲು ಸಿಕ್ಕಿದಾಗ ಮುಚ್ಚಳ ಬಿಚ್ಚುತ್ತಾ ಕೂತರೆ ಕೆಲಸ ತಡವಾಗುತ್ತದೆಂದು ಸಾಹುಕಾರರು ಎಲ್ಲ ಮಗ್ಗಗಳ ಮುಚ್ಚಳ ತೆಗೆಸಿ ಗೋದಾಮಿನಲ್ಲಿ ಒಟ್ಟಿಸಿದ್ದರು. ಬಲಗೈಯ ಬೆರಳುಗಳು ಆ ಹಲ್ಲುಗಳೊಳಗೆ ಹೋದವು. ಪಕ್ಕದವರು ಗಾಲಿ ತಿರುಗಿಸುವ ಪಟ್ಟಾ ಕಳಚಿ ಮಗ್ಗ ನಿಲ್ಲಿಸಿ, ಅದರ ಮೇಲೆ ಆಗತಾನೆ ನೇಯ್ದಿದ್ದ ಬಟ್ಟೆಯನ್ನೇ ಪರಪರ ಹರಿದು ಅವಳ ಕೈಗೆ ಸುತ್ತಿ ದವಾಖಾನೆಗೆ ಹೊತ್ತರು.

ಮಾರನೆಯ ದಿನವೇ ಸಾಹುಕಾರರ ಮಾತು ಓಣಿಯಲ್ಲಿ ಹಬ್ಬಿತು. ಮಗ್ಗ ನಿಲ್ಲಿಸದೆ ಕೈ ಹಾಕಿದ್ದಾಳೆ, ಕೈಗೇಡಿ, ಇಂಥವರನ್ನು ಮತ್ತೆ ಒಳಗೆ ಬಿಟ್ಟರೆ ಉಳಿದವರಿಗೂ ಅಪಾಯ. ಮುಚ್ಚಳದ ವಿಷಯ ಯಾರೂ ತನ್ನ ಕಿವಿಗೆ ಹಾಕಿಲ್ಲ. ಅಮಾವಾಸ್ಯೆಗೆ ಮಗ್ಗ ನಿಲ್ಲುವ ದಿನ ಹಿರಿಯರನ್ನು ಕೂರಿಸಿ ಇತ್ಯರ್ಥ ಮಾಡಿಬಿಡೋಣ ಎಂದರು. ಆ ಇತ್ಯರ್ಥದಲ್ಲಿ ಕಸ್ತೂರಿಯದೇ ತಪ್ಪು ಎಂದಾದರೆ ಅವಳಿಗೆ ಈ ಜನ್ಮದಲ್ಲಿ ಹಳ್ಳದ ಎರಡೂ ದಂಡೆಗೆ ಕೆಲಸವಿಲ್ಲ. ಮುಚ್ಚಳಗಳೂ ಗೋದಾಮಿನಲ್ಲೇ ತುಕ್ಕು ಹಿಡಿಯುತ್ತವೆ, ಮುಂದಿನ ಕೈ ಯಾರದೋ. ತಾನು ಮತ್ತೆ ಮತ್ತೆ ಹೇಳಿದ್ದೆ ಎಂದು ಕಸ್ತೂರಿ ದವಾಖಾನೆಯ ಮಂಚದ ಮೇಲಿಂದ ಹೇಳಿಕಳಿಸಿದಳು. "ಯಾರು ಕೇಳ್ಯಾರ?" ಎಂದರು ಸಾಹುಕಾರರು. ಶೆಡ್ಡಿನೊಳಗೆ ಆಡಿದ್ದನ್ನು ಯಾರು ಕೇಳಿರುತ್ತಾರೆ?

ಹರಿದುಕೊಂಡು ಉಳಿದ ಥಾನು ನಮ್ಮ ತೊಟ್ಟಿಗೆ ಬಂದಾಗ ಮಧ್ಯಾಹ್ನ. ಕೊನೆ ಚಿಂದಿಚಿಂದಿಯಾಗಿತ್ತು. ನೋಡಿದ ಕೂಡಲೆ ಅದು ಕಸ್ತೂರಿಯ ಮಗ್ಗದ್ದೆಂದು ನಮ್ಮಿಬ್ಬರಿಗೂ ತಿಳಿಯಿತು. ಮೈಬೂಬಣ್ಣ ಬಡಿಗೆ ಇಳಿಸಿದ. ಮೊದಲು ಹಾಡು ಬಂತು, ಆಮೇಲೆ ಬಾಳವ್ವನ ರೊಟ್ಟಿ ದಪ್ಪ ಎಂಬ ದೂರು. ಆಮೇಲೆ ನೊರೆಯೊಳಗಿಂದ ಅವಳು ನೇರ ನನ್ನ ಮುಖ ನೋಡಿ ಹೇಳಿದಂತೆ ಕೇಳಿಸಿತು: "ಸಾವಕಾರ್ರ, ಮುಚ್ಚಳ ಹಾಕಸ್ರಿ." ಇನ್ನಷ್ಟು ಬಟ್ಟೆ ಸರಿಯಿತು. "ಮುಚ್ಚಳ ಹಾಕಸ್ರಿ ಸಾವಕಾರ್ರ, ನಿನ್ನೆ ಸೆರಗು ಹಿಡದಿತ್ತು." ಚಿಂದಿಯಾದ ಕೊನೆ ನೀರಿಗೆ ಇಳಿಯುವ ಹೊತ್ತಿಗೆ, "ಇವತ್ತರೆ ಹಾಕಸ್ರಿ. ಕೈ ಹೋಗ್ತೈತ್ರಿ."

ಆಮೇಲೆ ಬಂದದ್ದು ಗಂಡಸಿನ ಧ್ವನಿ. ಸಾಹುಕಾರರು ಶೆಡ್ಡಿನಲ್ಲಿ ಬಾಯಿ ಬಿಡುವವರಲ್ಲ. ಏನಿದ್ದರೂ ಹೊರಗೆ ಕರೆದು, ಬಾಗಿಲು ಮುಚ್ಚಿಕೊಂಡು ಹೇಳುತ್ತಿದ್ದರು. ಆ ದಿನ ಅವರಿಗೆ ನೆನಪಾಗಲಿಲ್ಲವೋ, ನಮ್ಮ ನಳದ ಮೇಲೆ ಅಷ್ಟು ನಂಬಿಕೆಯೋ.

"ಕೈ ಹೋದ್ರ ಏನಾತ ಕಸ್ತೂರಿ…"

ಬಟ್ಟೆ ಅಲ್ಲಿಗೆ ಮುಗಿದಿತ್ತು. ಮಾತು ನಡುವೆ ಹರಿದುಹೋಗಿತ್ತು.

ನಾನು ಬಡಿಗೆ ಬಿಟ್ಟೆ. ಮೈಬೂಬಣ್ಣ ಬಿಡಲಿಲ್ಲ, ಅದ್ದುತ್ತಲೇ ಇದ್ದ.

"ಕೇಳಿದ್ಯಲ್ಲಣ್ಣ," ಅಂದೆ.

"ನೀರಿಗೆ ಬಿಡು, ತಂಗಿ."

"ಉಳದ ಮಾತು ಆಕಿ ಕೈಗೆ ಕಟ್ಟಿದ ಅರಿವ್ಯಾಗ ಐತಿ."

"ಐತಿ ಅಂತನೂ ನಾ ಹೇಳೂದಿಲ್ಲ, ಇಲ್ಲ ಅಂತನೂ ಹೇಳೂದಿಲ್ಲ. ನೀರಿಗೆ ಬಿಡು." ಅವನು ತಲೆ ಎತ್ತಲಿಲ್ಲ. "ಇವತ್ತ ಇದನ್ನ ಹೊರಗ ಒಯ್ದಿ ಅಂದ್ರ ನಾಳೆ ಯಾರ ಮಾತು ಒಯ್ಯೂದಿಲ್ಲ ನೀನು? ಇಡೀ ಊರು ನಮ್ಮ ಬಾಯಿ ನಂಬಿ ನೇಯಾಕ ಹತ್ತೈತಿ."

ಅದೂ ಸುಳ್ಳಲ್ಲ. ಸಂಜೆ ನಳದ ಹತ್ತಿರ ಚನ್ನಮಲ್ಲ ಎಂದಿನಂತೆ ಕುರ್ಚಿ ಹಾಕಿಕೊಂಡು ಕೂತಿದ್ದ. ಬಾಯಿ ತುಂಬ ನೀರು ತೆಗೆದುಕೊಂಡೆ. ಈ ಕುರ್ಚಿಯನ್ನು ಇಲ್ಲಿ ಹಾಕಿದವರು ಯಾರು ಎಂಬ ಪ್ರಶ್ನೆ ನನಗೆ ಆವತ್ತು ಮೊದಲ ಬಾರಿ ಬಂತು. ನೇಮ ನಮ್ಮದಾಗಿದ್ದರೆ ಕಾವಲು ಅವರದ್ಯಾಕೆ? ನಮ್ಮ ಮರ್ಯಾದೆ ಕಾಯುವುದಕ್ಕೆ ಸಾಹುಕಾರರ ಸಂಬಳದ ಮನುಷ್ಯ ಯಾಕೆ ಬೇಕು?

"ಉಗಳವ್ವ, ಹಿಂದ ಪಾಳಿ ಐತಿ," ಅಂದ ಚನ್ನಮಲ್ಲ.

ಉಗುಳಲಿಲ್ಲ. ನುಂಗಿದೆ. ಸೋಡಾ, ತುಕ್ಕು ಎರಡೂ ನಾಲಿಗೆಗೆ ಹತ್ತಿದವು. ಅವನು ಬಾಯಿ ತೆರೆದು ನನ್ನನ್ನೇ ನೋಡಿದ. ನಾನು ನಡೆದೆ.

ಕಸ್ತೂರಿ ಆವತ್ತೇ ದವಾಖಾನೆಯಿಂದ ಮನೆಗೆ ಬಂದಿದ್ದಳು. ಕೈಗೆ ಹೊಸ ಬಿಳಿ ಪಟ್ಟಿ. ಹಳೆಯ ಕಟ್ಟನ್ನು ಕಾಂಪೌಂಡರ್ ಬಿಚ್ಚಿ ಕಾಗದದಲ್ಲಿ ಸುತ್ತಿ ಕೊಟ್ಟಿದ್ದನಂತೆ. ನಾನು ಒಳಗೆ ಕಾಲಿಟ್ಟಾಗ ಬಾಳವ್ವ ಅದನ್ನು ಬಕೆಟ್ಟಿನ ಮೇಲೆ ಹಿಡಿದುಕೊಂಡು ನಿಂತಿದ್ದಳು. ಒಲೆ ಒರೆಸುವುದಕ್ಕೆ ಆದೀತು ಎಂದು ನೆನೆಹಾಕುವವಳಿದ್ದಳು.

"ಯವ್ವಾ, ನಿಂದ್ರ," ಅಂದು ಕೈ ಹಿಡಿದೆ. ಬಕೆಟ್ಟು ನನ್ನ ಕಾಲ ಮೇಲೇ ಉರುಳಿತು. ಅರಿವೆಯನ್ನು ತಲೆಯ ಮೇಲೆ ಎತ್ತಿ ಹಿಡಿದು, ನೀರಿನ ನಡುವೆ ನಿಂತುಕೊಂಡು ಬಾಳವ್ವ ನನ್ನನ್ನು ಬೈದಳು. ಬೈದು ಮುಗಿದ ಮೇಲೆ ಯಾಕೆ ಬಂದೆ ಎಂದು ಕೇಳಿದಳು.

ಹೇಳಿದೆ. ಕಸ್ತೂರಿಯ ಥಾನಿನ ಮಾತು ತೊಟ್ಟಿಯಲ್ಲಿ ಕೇಳಿದೆ, ಉಳಿದದ್ದು ಈ ಅರಿವೆಯಲ್ಲಿದೆ ಅಂತ ಮಾತ್ರ. ಇಷ್ಟು ವರ್ಷಗಳಲ್ಲಿ ಅಷ್ಟನ್ನೂ ನಾನು ಯಾರ ಮುಂದೆಯೂ ಆಡಿರಲಿಲ್ಲ.

ಅರಿವೆಯನ್ನು ಬಿಚ್ಚಿ ನೋಡಿದೆವು. ಬಹುಪಾಲು ರಕ್ತ ಹೀರಿ ಗಟ್ಟಿಯಾಗಿತ್ತು. "ದವಾಖಾನಿ ಮುಟ್ಟಿದ್ರೂ ಇದು ನನ್ನ ಕೈಯಾಗ ಏನೋ ಗುಣಗುಣಾ ಅನ್ನಾಕ ಹತ್ತಿತ್ತು," ಅಂದಳು ಕಸ್ತೂರಿ. "ಕಾಂಪೌಂಡರ್ ನನಗ, ಸುಮ್ನಿರವ್ವ, ಎಲ್ಲಾ ಸರಿ ಹೋಗ್ತೈತಿ ಅಂತ ಹೇಳಿದ. ನಾ ಮಾತಾಡಾಕ ಹತ್ತೀನಿ ಅಂತ ತಿಳದಾ ಅಂವ." ರಕ್ತವೂ ನೀರೇ ತಾನೆ, ಅದು ಮುಟ್ಟಿದಷ್ಟು ಬಟ್ಟೆ ಆಗಲೇ ಮಾತಾಡಿ ಮುಗಿಸಿತ್ತು. ಉಳಿದದ್ದು ಗಂಟು ಹಾಕಿದ ತುದಿ, ಅಂಗೈ ಅಗಲ. ಒಣಗಿ ಬೆಳ್ಳಗಿತ್ತು.

"ಇದರಾಗ ಏನೈತಿ?" ಅಂದೆ.

"ಯಾರಿಗ ಗೊತ್ತು ಯಕ್ಕಾ. ಏನೂ ಇರಲಿಕ್ಕೂ ಸಾಕು."

"ಅತ್ತಿ ಬೈದದ್ದ ಇರ್ತೈತಿ ತಗೋ," ಅಂದಳು ಬಾಳವ್ವ ನೆಲ ಒರೆಸುತ್ತ. "ರೊಟ್ಟಿ ಬಗ್ಗೆ."

ಕಸ್ತೂರಿ ಅತ್ತೆಯತ್ತ ನೋಡಲಿಲ್ಲ. ನಾನೂ ನೋಡಲಿಲ್ಲ.

ಸಾಹುಕಾರರ ಅರ್ಧ ಮಾತು ನನ್ನ ಬಳಿ ಇದೆ ಎಂದೆ. ಅವಳು ಎಡಗೈ ಎತ್ತಿ ನನ್ನ ಬಾಯಿ ಮುಚ್ಚಿದಳು. "ಹೇಳಬ್ಯಾಡ. ನಾ ಅವರ ತುಟಿ ನೋಡೀನಿ. ನೋಡಿದ್ದು ನನಗ ಖರೇ ಅನಸವಲ್ದು. ಮನಷ್ಯಾ ಆದಾಂವ ಹಂಗ ಅಂತಾನೇನು? ನೀ ಕೇಳಿದ್ದು ನೀ ಅಲ್ಲಿ ಹೇಳು. ನಾ ಕಂಡದ್ದು ನಾ ಅಲ್ಲಿ ಹೇಳ್ತೀನಿ. ಕೂಡಿದ್ರ ಕೂಡ್ಲಿ. ಕೂಡ್ಲಿಲ್ಲಂದ್ರ ನನ್ನ ಕಣ್ಣಽ ಸುಳ್ಳು ಅಂತ ತಿಳಕೊಂಡು ಸುಮ್ನಾಗ್ತೀನಿ."

ಚನ್ನಮಲ್ಲನಿಂದ ಸುದ್ದಿ ಊರು ತುಂಬಿತು. ದುಂಡವ್ವ ಉಗುಳಲಿಲ್ಲವಂತೆ, ನುಂಗಿದಳಂತೆ. ಮರುದಿನದಿಂದ ಮಗ್ಗದವರು ಒಬ್ಬೊಬ್ಬರಾಗಿ ನನ್ನ ಮನೆಗೆ ಬಂದರು. ಯಾರೂ ಜಗಳಕ್ಕೆ ಬರಲಿಲ್ಲ. ಅದೇ ಕಷ್ಟವಾಯಿತು. ಒಬ್ಬಾಕೆ ಕೋಸಂಬರಿ ತಂದಳು, ಒಬ್ಬಾಕೆ ಸುಮ್ಮನೆ ಕೂತು ಅತ್ತು ಎದ್ದುಹೋದಳು. ಕಸ್ತೂರಿಯ ಎದುರಿನ ಮಗ್ಗದ ರಾಚಪ್ಪ ಹೊಸ್ತಿಲಲ್ಲೇ ನಿಂತ. ಅವನು ದೊಡ್ಡ ಮೀಸೆಯ ಮನುಷ್ಯ.

"ಯಕ್ಕಾ, ನಾ ಮಗ್ಗದ ಮುಂದ ಒಬ್ಬಾಕಿ ಕೂಡ ಮಾತಾಡ್ತೀನಲ್ಲ," ಅಂದ. ಅವನು ಮಾತಾಡುತ್ತಿದ್ದುದು ತೀರಿಹೋದ ಮೊದಲ ಹೆಂಡತಿಯ ಜೊತೆ. ಎರಡನೆಯವಳ ಚಾಡಿಯನ್ನು ಥಾನುಗಟ್ಟಲೆ ಹೇಳುತ್ತಿದ್ದ. ಆಮೇಲೆ ಅವನೇ ಎಲ್ಲರೆದುರು ಒಪ್ಪಿಕೊಂಡದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. "ಮನ್ಯಾಗ ಇದು ಗೊತ್ತಾತಂದ್ರ ನನ್ನ ಬಾಳ್ವೆ ಮುಗೀತು. ಕಸ್ತೂರಿ ಕೈ ಅಂತೂ ಹೋತು. ನಮ್ಮ ಮಾನ ಯಾಕ ಕಳೀತಿ?"

"ನಿನ್ನ ಮಾತು ನಾ ಯಾರಿಗೆ ಹೇಳೀನಿ ರಾಚಪ್ಪ?"

"ಇಲ್ಲೀತನ ಹೇಳಿಲ್ಲ. ಒಮ್ಮೆ ಬಾಯಿ ಬಿಟ್ರ ಮುಗೀತಲ್ಲ."

ಚಹಾ ಕೊಟ್ಟೆ. ಕುಡಿದು ಹೋದ. ತೊಟ್ಟಿಯಲ್ಲಿ ಮೈಬೂಬಣ್ಣನೂ ನನ್ನ ಜೊತೆ ಮಾತು ಬಿಟ್ಟ. ನಾವಿಬ್ಬರೂ ಬಡಿಗೆ ಆಡಿಸುತ್ತಿದ್ದೆವು, ಬಟ್ಟೆ ಮಾತ್ರ ಮಾತಾಡುತ್ತಿತ್ತು. ಅದೂ ಬದಲಾಗಿತ್ತು. ಜನ ನನಗೆ ಹೆದರಿ ಮಗ್ಗದ ಮುಂದೆ ಬಾಯಿ ಕಟ್ಟಿಕೊಂಡಿದ್ದರು. ಥಾನಿಗೆ ಥಾನು ಬರೀ ಉಸಿರು ಬರತೊಡಗಿತು. ಉಸಿರಿನ ಆ ನೊರೆಯಲ್ಲಿ ಬಡಿಗೆ ಆಡಿಸುವಾಗ ನನಗೆ ನಾನೇ ಯಾರನ್ನೋ ಕೊಂದ ಹಾಗೆ ಅನಿಸಿತು.

ಅಮಾವಾಸ್ಯೆಯ ಬೆಳಗ್ಗೆ ತೊಳೆಮನೆಯ ಬಾಯ್ಲರಿನ ಮುಂದಿನ ಬಯಲಿನಲ್ಲಿ ಊರು ಕೂಡಿತು. ಮಗ್ಗಗಳು ನಿಂತ ದಿನ ನಮ್ಮೂರಿನ ಗಾಳಿ ತೆಳ್ಳಗಿರುತ್ತದೆ. ಜನ ಪಿಸುಗುಟ್ಟುವಂತೆ ಮಾತಾಡುತ್ತಾರೆ, ಎಲ್ಲಿ ತಮ್ಮ ಧ್ವನಿ ತಮಗೇ ಕೇಳಿಸುತ್ತದೋ ಎಂದು. ಹಿರಿಯರು ಜಮಖಾನೆಯ ಮೇಲೆ, ಸಾಹುಕಾರ ಗುರುಪಾದಪ್ಪನವರು ಕುರ್ಚಿಯ ಮೇಲೆ. ನಾನು ಕೊಡದಲ್ಲಿ ನೀರು ತುಂಬಿ ಬುಟ್ಟಿಯಷ್ಟು ಅಗಲದ ಪಾತ್ರೆಗೆ ಸುರಿದು ನಡುವೆ ಇಟ್ಟೆ.

ಸಾಹುಕಾರರು ಮೆತ್ತಗೆ ಮಾತಾಡಿದರು. ಅವರದು ಯಾವತ್ತೂ ಮೆತ್ತಗಿನ ಧ್ವನಿಯೇ. "ಕಸ್ತೂರಿ ನನ್ನ ಮಗಳಿದ್ಹಂಗ. ಆಕಿ ಕೈ ಹೋದದ್ದಕ್ಕ ನನಗೇನು ಸಂಕಟಿಲ್ಲೇನು? ಆದ್ರ ಮುಚ್ಚಳ ಬೇಕು ಅಂತ ಆಕಿ ನನಗ ಒಂದ ಮಾತು ಹೇಳಿದ್ರ ಅವತ್ತಽ ಹಾಕಸ್ತಿದ್ದೆ. ಹೇಳಿಲ್ಲ. ಹೇಳಿದ್ದು ಯಾರರೆ ಕೇಳಿದ್ರ ಎದ್ದು ನಿಂದರ್ಲಿ."

ಯಾರೂ ಏಳಲಿಲ್ಲ. ಕಸ್ತೂರಿ ಎಡಗೈಯಿಂದ ಸೆರಗಿನ ಗಂಟು ಬಿಚ್ಚಿ ಆ ಅರಿವೆಯನ್ನು ತೆಗೆದಳು. ಬಿಳಿಯ ತುದಿಯನ್ನು ಮೇಲೆ ಹಿಡಿದು ಎಲ್ಲರಿಗೂ ತೋರಿಸಿದಳು. ಆಮೇಲೆ ಮಂಡಿಯೂರಿ, ಅದನ್ನು ಮೆಲ್ಲಗೆ ನೀರಿನ ಮೇಲೆ ಬಿಟ್ಟಳು.

ಇಡೀ ಬಯಲು ಮುಂದಕ್ಕೆ ಬಾಗಿತು. ಬಟ್ಟೆ ನೆನೆಯಿತು, ಒಂದು ಗುಳ್ಳೆ ಎದ್ದಿತು, ಇನ್ನೊಂದು ಎದ್ದಿತು. ಹೊರಗೆ ಬಂದದ್ದು ಮಾತಲ್ಲ, ನಗೆ. ಗಂಡಸಿನ ನಗೆ, ಮೂಗಿನಿಂದ ಶುರುವಾಗಿ ಹೊಟ್ಟೆಯಲ್ಲಿ ಮುಗಿಯುವಂಥದು. ಊರಿನಲ್ಲಿ ಹಾಗೆ ನಗುವವರು ಒಬ್ಬರೇ. ಆಮೇಲೆ ಕಸ್ತೂರಿಯ ಒಂದು ಕೂಗು. ಆಮೇಲೆ ಹರಿದ ಸಪ್ಪಳ. ಅಷ್ಟೇ.

ನಾವು ಬಟ್ಟೆಯನ್ನು ನಂಬಿಕೊಂಡು ಬಂದಿದ್ದೆವು. ನಮ್ಮ ಬದಲು ಅದು ಮಾತಾಡಿಬಿಡಲಿ ಎಂದು.

ಸಾಹುಕಾರರು ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದು ಕೂತರು. "ನಕ್ಕೀನಿ. ಹೌದು. ಶೆಡ್ಡಿಗೆ ಬಂದಾಗ ನಗಬಾರದೇನು?"

"ಏನ್ ಅಂದು ನಕ್ಕ್ರಿ, ಅದನ್ನ ಕೇಳಸ್ತೀನಿ," ಅಂದಳು ಕಸ್ತೂರಿ. ನನ್ನತ್ತ ತಿರುಗಿದಳು. "ದುಂಡವ್ವಕ್ಕ, ನಾ ಆಡಿದ ಮಾತು ನಿನ್ನ ಹಂತ್ಯಾಕ ಅದಾವು. ಅವು ನನ್ನವು. ಕೊಡು."

ಎದ್ದು ನಿಂತೆ. ಮೊದಲು ಕಂಡದ್ದು ರಾಚಪ್ಪನ ಮುಖ, ಅವನ ಹಿಂದೆ ಊರಿನ ಎಲ್ಲ ಮುಖಗಳು. ಪ್ರತಿಯೊಬ್ಬರ ಗುಟ್ಟೂ ನನ್ನ ಹಲ್ಲಿನ ಹಿಂದೆ ಇತ್ತು. "ಬ್ಯಾರೆಯವರದು ನಾ ಹೇಳೂದಿಲ್ಲ," ಅಂದೆ. "ಆಡಿದವರು ಬೇಡಿದ್ರ ಮಾತ್ರ ಕೊಡ್ತೀನಿ. ಈಕಿ ಬೇಡ್ಯಾಳ." ಆಮೇಲೆ ಕಸ್ತೂರಿ ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಹೇಳಿದೆ. ಸೆರಗು ಹಿಡಿದದ್ದು, ಇವತ್ತಾದರೂ ಹಾಕಿಸಿರಿ ಅಂದದ್ದು, ಕೈ ಹೋಗುತ್ತದೆ ಅಂದದ್ದು. ಕೊನೆಗೆ, "ಸಾವಕಾರ್ರು ಅಂದದ್ದು: ಕೈ ಹೋದ್ರ ಏನಾತ ಕಸ್ತೂರಿ. ಬಟ್ಟಿ ಅಲ್ಲಿಗೆ ಹರದೈತಿ."

"ನನ್ನ ಮಾತು ಹೇಳಾಕ ಈಕಿಗೆ ನಾ ಅಂತೂ ಅಪ್ಪಣಿ ಕೊಟ್ಟಿಲ್ಲ," ಅಂದರು ಸಾಹುಕಾರರು. ಹಿರಿಯರಲ್ಲಿ ಒಬ್ಬರು ಹೌದೆನ್ನುವಂತೆ ತಲೆ ಆಡಿಸಿದರು.

"ನನಗ ಅಂದ ಮಾತು ನಂದೂ ಹೌದು," ಅಂದಳು ಕಸ್ತೂರಿ.

ಸಾಹುಕಾರರು ಆ ಮಾತನ್ನು ದಾಟಿ ನಮ್ಮ ತೊಟ್ಟಿಯವನನ್ನು ಹುಡುಕಿದರು. "ಮೈಬೂಬ, ನೀನೂ ಅಲ್ಲೇ ಇದ್ದಿ. ನಿಮ್ಮ ನೇಮ ಏನು, ಈ ಜನಕ್ಕ ಹೇಳು. ಮುಕ್ಕಳಿಸಿದ ಬಾಯಾಗ ಮಾತು ಉಳೀತಾವೇನು?"

ಮೈಬೂಬಣ್ಣ ಎದ್ದ. ಆವತ್ತು ಅವನ ಗಡ್ಡ ನೇರಳೆ. ತಲೆಯ ಮೇಲಿನ ಟೋಪಿ ತೆಗೆದು, ಮಡಚಿ, ಕಿಸೆಗೆ ಹಾಕಿಕೊಂಡ.

"ದಿನಾ ಮುಕ್ಕಳಸ್ತೀನ್ರಿ," ಅಂದ. "ನಿಮ್ಮಪ್ಪಾರ ಕಾಲದಿಂದ. ಹೋಗೂದಿಲ್ರಿ. ಒಂದೂ ಹೋಗಿಲ್ಲ. ಉಳದವ್ರಿಗೆಲ್ಲಾ ಹೋಗ್ತಾವ, ನನಗೊಬ್ಬಗಽ ಹೋಗವಲ್ವು ಅಂತ ತಿಳದಿದ್ದೆ." ನನ್ನ ಕಡೆ ನೋಡಿದ. "ಈ ತಂಗಿಗೂ ಹೋಗೂದಿಲ್ಲ ಅಂತ ಮೊನ್ನೆ ಗೊತ್ತಾತು. ಕೈ ಹೋದ್ರ ಏನಾತ ಕಸ್ತೂರಿ ಅಂತ ನೀವು ಅಂದದ್ದು ನಾ ಕೇಳೀನ್ರಿ."

ತೊಳೆಮನೆಯವರು ಕೂತಿದ್ದ ಕಡೆ ಗುಜುಗುಜು ಎದ್ದಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯ ತೊಟ್ಟಿಯ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಎಲ್ಲರಿಗೂ ಅದೇ. ಯಾರಿಗೂ ಹೋಗಿರಲಿಲ್ಲ. ಮೂಕ ಬಟ್ಟೆ ಪೇಟೆಗೆ ಹೋಗುತ್ತಿತ್ತು, ಅಷ್ಟೂ ಮಾತು ನಮ್ಮ ಹೊಟ್ಟೆಗೆ ಬರುತ್ತಿತ್ತು. ಒಬ್ಬೊಬ್ಬರೂ ಅದನ್ನು ತಮ್ಮ ಒಬ್ಬರದೇ ರೋಗ ಎಂದು ಮುಚ್ಚಿಟ್ಟುಕೊಂಡು, ಕಾವಲುಗಾರನ ಎದುರಿಗೆ ಬರೀ ನೀರು ಉಗುಳುತ್ತಿದ್ದೆವು.

"ಈಗ ನಾ ಕಂಡದ್ದು," ಅಂದಳು ಕಸ್ತೂರಿ. ಧ್ವನಿ ಏರಿಸಲಿಲ್ಲ. ತುಟಿಗಳನ್ನು ಮಾತ್ರ ಅಗಲಿಸಿ, ಶೆಡ್ಡಿನವರು ಶೆಡ್ಡಿನವರಿಗೆ ಹೇಳುವ ಹಾಗೆ ಹೇಳಿದಳು. "ಇನ್ನೊಂದು ಐತಲ್ಲ. ದೇವ್ರು ಎರಡು ಯಾಕ ಕೊಟ್ಟಾನ."

ನನ್ನ ಅರ್ಧಕ್ಕೆ ಅವಳ ಅರ್ಧ ಕೂಡಿತು. ಅದರ ಬೆನ್ನಿಗೆ ಬಟ್ಟೆಯ ನಗೆ ಕೂಡಿತು. ಬಾಳವ್ವ ಕೂತಲ್ಲೇ ಸೊಸೆಯ ಕಾಲು ಹಿಡಿದುಕೊಂಡಳು, ಬಿಡಲಿಲ್ಲ.

"ತುಟಿ ನೋಡಿದ್ದು ಸಾಕ್ಷಿ ಅಲ್ಲ," ಅಂದರು ಸಾಹುಕಾರರು. ಆದರೆ ಆಗಲೇ ರಾಚಪ್ಪ ಎದ್ದಿದ್ದ.

"ನಾನೂ ನೋಡೀನ್ರಿ. ಎದರಿನ ಮಗ್ಗ ನಂದಽ. ಹಂಗಽ ಅಂದ್ರಿ. ಇಷ್ಟ ದಿನ ಸುಮ್ನಿದ್ದೆ, ಯಾಕಂದ್ರ…" ಹೆಂಡತಿಯತ್ತ ಒಮ್ಮೆ ನೋಡಿ, ಮೊದಲ ಹೆಂಡತಿಯ ವಿಷಯವನ್ನೂ ಅಲ್ಲೇ ಹೇಳಿಬಿಟ್ಟ. ಅವನ ಹೆಂಡತಿ ಎಲ್ಲ ಕೇಳಿಸಿಕೊಂಡು, "ಮನಿಗೆ ಬಾ, ಮಾತಾಡೂಣ," ಅಂದಳು. ಬಯಲೆಲ್ಲ ನಕ್ಕಿತು. ಸಾಹುಕಾರರು ನಗಲಿಲ್ಲ.

ಅವರು ತಪ್ಪು ಒಪ್ಪಿಕೊಳ್ಳಲೂ ಇಲ್ಲ. ಎದ್ದು, ಧೋತರದ ಚುಂಗು ಸರಿಮಾಡಿಕೊಂಡು, ನಾಳೆ ಮಗ್ಗ ಶುರುವಾಗಲಿ ಎಂದಷ್ಟೇ ಹೇಳಿ ಹೋದರು. ಮರುದಿನ ಮಗ್ಗ ಶುರುವಾಗಲಿಲ್ಲ. ಜನ ಶೆಡ್ಡಿಗೆ ಬಂದರು, ತಂತಮ್ಮ ಮಗ್ಗದ ಪಟ್ಟಾ ಕಳಚಿ ಹೆಗಲ ಮೇಲೆ ಹಾಕಿಕೊಂಡು ನಿಂತರು. ಅದರ ಮಾರನೆಯ ದಿನವೂ ಹಾಗೇ ನಿಂತರು. ಆ ಶೆಡ್ಡುಗಳು ಹುಟ್ಟಿದಾಗಿನಿಂದ ಅಲ್ಲಿ ಒಬ್ಬರ ಧ್ವನಿ ಇನ್ನೊಬ್ಬರಿಗೆ ಕೇಳಿದ್ದಿಲ್ಲ. ಈಗ ಒಬ್ಬ ಕೆಮ್ಮಿದರೆ ಆ ಮೂಲೆಯವನು "ಯಾಕೋ" ಎಂದು ಕೇಳುತ್ತಿದ್ದ. ಕನಸಿನೊಳಗೆ ಓಡಾಡುವವರಂತೆ ಜನ ಮೆಲ್ಲಗೆ ಅಡ್ಡಾಡಿದರು, ಪಕ್ಕದ ಮಗ್ಗದವರ ಹೆಸರು ಹಿಡಿದು ಕರೆದು ನೋಡಿದರು. ಪೇಟೆಯಿಂದ ಲಾರಿ ಬಂದು ಖಾಲಿ ಹೋದ ಮೇಲೆ ಗೋದಾಮಿನ ಬೀಗ ತೆರೆಯಿತು. ತುಕ್ಕು ಉಜ್ಜಿ ಮುಚ್ಚಳ ಕೂರಿಸಿದವರಲ್ಲಿ ಕಸ್ತೂರಿಯೂ ಇದ್ದಳು. ಎಡಗೈಯಿಂದ ಬೋಲ್ಟು ಹಿಡಿದುಕೊಂಡು, ಹುಬ್ಬು ಏರಿಸಿ ಹಾಗಲ್ಲ ಹೀಗೆ ಎಂದು ಹೇಳುತ್ತಿದ್ದಳು. ಈಗ ಅವಳು ಲಾಳಿಯ ನೂಲಿನ ಕಂಡಿಕೆ ಸುತ್ತುವ ಕಡೆ ಇದ್ದಾಳೆ. ಕೈಗೇಡಿ ಎಂಬ ಶಬ್ದವನ್ನು ಆಮೇಲೆ ಯಾರೂ ಆಡಿದ್ದು ನಾನು ಕೇಳಿಲ್ಲ, ಬಟ್ಟೆಯಲ್ಲೂ.

ಮಗ್ಗ ಮತ್ತೆ ಓಡಿದ ದಿನ ಸಂಜೆ ನಾವು ತೊಳೆಮನೆಯವರು ಗೇಟಿಗೆ ಬಂದೆವು. ನಳ ತೊಟ್ಟಿಕ್ಕುತ್ತಿತ್ತು. ಚನ್ನಮಲ್ಲ ಕುರ್ಚಿಯಲ್ಲಿದ್ದ. ಯಾರೂ ಬಾಯಿ ಹಿಡಿಯಲಿಲ್ಲ. ಕೊನೆಗೆ ಅವನೇ ಕುರ್ಚಿಯಿಂದೆದ್ದು ಒಂದು ಬೊಗಸೆ ನೀರು ಕುಡಿದು ಮುಖ ತೊಳೆದುಕೊಂಡ.

ಹಳ್ಳದ ಸೇತುವೆಯ ಮೇಲೆ ನಾನೂ ಮೈಬೂಬಣ್ಣನೂ ಬರುತ್ತಿದ್ದೆವು. ಕೆಳಗೆ ನೀರು ಹಳದಿ. ಕೇಳಲೋ ಬೇಡವೋ ಎಂದು ಸೇತುವೆ ಅರ್ಧ ದಾಟುವ ತನಕ ತಡೆದುಕೊಂಡೆ.

"ಅಣ್ಣ, ನಮ್ಮವರು ಏನ್ ಆಡ್ತಿದ್ರು?"

ಅವನು ನಿಂತ. ಸೇತುವೆಯ ಕಟಾಂಜನದ ಮೇಲೆ ಕೈ ಇಟ್ಟ. "ಉಪ್ಪಿನ ಸುದ್ದಿನಽ ಭಾಳ," ಅಂದ. "ದುಂಡಿ ಸಾರಿಗೆ ಉಪ್ಪು ಕಡಿಮಿ ಹಾಕ್ತಾಳ, ಹೇಳಿದ್ರ ನೊಂದ್ಕೋತಾಳ, ಇಲ್ಲೇ ಹೇಳಿ ಹಗರಾಗ್ತೀನಿ ಅಂತ." ನನಗೆ ನಗು ಬಂತು. ಅಷ್ಟು ವರ್ಷ ಸಂಗಪ್ಪ ಉಂಡ ಸಪ್ಪೆ ಸಾರಿನ ನೆನಪಿಗೆ ಕಣ್ಣೂ ತುಂಬಿತು.

"ಅಷ್ಟೇನು?"

ಮೈಬೂಬಣ್ಣ ನೀರಿನತ್ತ ತಿರುಗಿದ. "ಕಡೀ ವರ್ಷ ಥಾನಿಗೊಮ್ಮೆ ಒಂದ ಮಾತು ಬರ್ತಿತ್ತು ತಂಗಿ. 'ಸಾವಕಾರ್ರ, ಕಿಡಕಿ ತಗಸ್ರಿ. ಹತ್ತಿ ಧೂಳ ಎದಿಯಾಗ ಕುಂದ್ರತೈತ್ರಿ. ಉಸರ ಹಿಡೀತೈತ್ರಿ.' ಥಾನಿಗೊಮ್ಮೆ. ನಾ ನೀರಿಗೆ ಬಿಟ್ಟೆ."

ಬೀಡಿಯಿಂದ ಎಂದು ಹೇಳಿದ್ದ ಸಂಗಪ್ಪ ನನ್ನೆದುರು. ನಾನು ಅದನ್ನೇ ನಂಬಿ ಅವನ ಬೀಡಿಕಟ್ಟು ಬಚ್ಚಿಡುತ್ತಿದ್ದೆ, ಅದಕ್ಕಾಗಿ ಜಗಳವಾಡುತ್ತಿದ್ದೆ. ನೂಲು ಒಣಗಿ ಹರಿಯಬಾರದೆಂದು ಶೆಡ್ಡಿನ ಕಿಟಕಿಗಳಿಗೆ ಹೊಡೆದ ಮೊಳೆಗಳು ಆಗಲೂ ಹಾಗೇ ಇದ್ದವು. ಆ ದಂಡೆಯತ್ತ ನೋಡಿದೆ. ಮಗ್ಗಗಳ ಸಪ್ಪಳ ನೀರಿನ ಮೇಲಿಂದ ಬರುತ್ತಿತ್ತು. ಒಳಗೆ ಯಾರೋ ಏನೋ ಹೇಳುತ್ತಿದ್ದರು, ಹೊಕ್ಕಿನ ಜೊತೆ ಅದು ಒಳಗೆ ಹೋಗುತ್ತಿತ್ತು.

"ಇನ್ನೊಮ್ಮೆ ಹೇಳಣ್ಣ," ಅಂದೆ. "ಅಂವ ಹೆಂಗ ಅಂತಿದ್ನೋ ಹಂಗಽ ಹೇಳು. ಬಾಯಿಪಾಠ ಆಗ್ಲಿ. ಆ ಮಾತು ನಂದೂ ಹೌದು."

ಅವನು ಹೇಳಿದ. ನಾನು ಹಿಂದೆಯೇ ಹೇಳಿದೆ. ಮತ್ತೆ ಹೇಳಿದ, ಮತ್ತೆ ಹೇಳಿದೆ. ಹಾಗೆ ಹೇಳಿಕೊಳ್ಳುತ್ತಲೇ ನಾವಿಬ್ಬರೂ ಸೇತುವೆ ದಾಟಿ, ಮನೆಯ ದಾರಿ ಬಿಟ್ಟು, ಕಿಟಕಿ ಮುಚ್ಚಿದ ಆ ಶೆಡ್ಡುಗಳ ಕಡೆಗೆ ತಿರುಗಿದೆವು.